ಕಿಡಿ ತಪ್ಪಿದ ಬೈಕು: ಮೊದಲು ಪ್ರಶ್ನೆ, ಆಮೇಲೆ ಪಾನಾ

ಮಲೆನಾಡಿನಲ್ಲಿ ಆರಿದ್ರಾ ಮಳೆ ಹಿಡಿಯಿತೆಂದರೆ ಮನುಷ್ಯರಿಗೆ ನೆಗಡಿ ಕೆಮ್ಮು ತಗಲುವಂತೆ ಬೈಕುಗಳಿಗೂ ಒಂದು ಬಗೆಯ ಕೆಮ್ಮು ತಗಲುತ್ತದೆ. ಸಾಗರದ ಪೇಟೆಯಿಂದ ಹೆಗ್ಗೋಡಿನ ಕಡೆಗೆ ಹೊರಟ ಗಾಡಿ ಸಮತಟ್ಟಾದ ರಸ್ತೆಯಲ್ಲಿ ಚೆನ್ನಾಗಿಯೇ ಓಡುತ್ತದೆ. ಏರು ಬಂದೊಡನೆ ಒಮ್ಮೆ ಮುಗ್ಗರಿಸುತ್ತದೆ, ಮತ್ತೆ ಸಾವರಿಸಿಕೊಳ್ಳುತ್ತದೆ, ಇನ್ನೊಮ್ಮೆ ಮುಗ್ಗರಿಸುತ್ತದೆ. ಸೈಲೆನ್ಸರಿನಿಂದ ‘ಪಟ್’ ಎಂಬ ಸದ್ದೊಂದು ಹೊರಡುತ್ತದೆ. ಗ್ಯಾರೇಜಿನ ಭಾಷೆಯಲ್ಲಿ ಇದಕ್ಕೆ ‘ಮಿಸ್ಸಿಂಗ್ ಹೊಡೆಯುವುದು’ ಎನ್ನುತ್ತಾರೆ. ಸಿಲಿಂಡರಿನೊಳಗೆ ಆಗಲೇಬೇಕಾಗಿದ್ದ ದಹನವು ಆಗದೆ ತಪ್ಪಿಹೋಗುವುದೇ ಇದರ ಅರ್ಥ. ಈ ತಿಂಗಳ ಅಂಕಣದಲ್ಲಿ ಈ ದೋಷವನ್ನು ಗುರುತಿಸುವ ಕ್ರಮವನ್ನು ಓದುಗ ಬಂಧುಗಳ ಮುಂದಿಡಬಯಸಿದ್ದೇವೆ.

ಬೈಕಿನ ವಿಚಾರಕ್ಕೆ ಸಂಸಾರಸ್ಥರ ಪತ್ರಿಕೆಯಲ್ಲಿ ಏನು ಸ್ಥಾನವೆಂದು ಕೆಲವರು ಕೇಳಬಹುದು. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಒಂಟಿಮನೆಗಳನ್ನು ಬಲ್ಲವರು ಹಾಗೆ ಕೇಳಲಾರರು. ಅಲ್ಲಿ ಬೈಕು ಯುವಕರ ಶೋಕಿಯ ವಸ್ತುವಲ್ಲ. ಡೈರಿಗೆ ಹಾಲು ಹೋಗುವುದು ಅದರ ಮೇಲೆ. ಕೊಳೆರೋಗದ ಔಷಧಿಗೆ ಮೈಲುತುತ್ತ ಬರುವುದು ಅದರ ಮೇಲೆ. ಬಸ್ಸು ತಪ್ಪಿದ ಮಗಳು ಕಾಲೇಜಿಗೆ ತಲುಪುವುದು, ರಾತ್ರಿ ಎದೆನೋವು ಕಾಣಿಸಿಕೊಂಡ ಹಿರಿಯರು ಮುಖ್ಯರಸ್ತೆಯವರೆಗೆ ಬರುವುದು ಸಹ ಅದರ ಮೇಲೆಯೇ. ಅಂಥ ಗಾಡಿಯು ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳಲ್ಲಿ ಒಂದರ ಮೇಲೆ, ಎದುರಿಗೆ ಬಸ್ಸು ಬರುತ್ತಿರುವಾಗ, ಒಂದು ಗಳಿಗೆ ಬಲ ಕಳೆದುಕೊಂಡರೆ ಆಗಬಹುದಾದ ಅನಾಹುತವನ್ನು ಬಿಡಿಸಿ ಹೇಳಬೇಕಾಗಿಲ್ಲ. ಇನ್ನು ಹಣದ ಮಾತು. ದೋಷವೇನೆಂದು ತಿಳಿಯದೆ ಒಂದಾದ ಮೇಲೊಂದು ಬಿಡಿಭಾಗವನ್ನು ಬದಲಾಯಿಸುತ್ತ ಹೋದ ಮನೆಗಳು ಎಷ್ಟಿಲ್ಲ!

ಕನ್ನಡ ನಾಡಿಗೆ ಈ ಯಂತ್ರದ ಪರಿಚಯ ಹೊಸದೇನೂ ಅಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು 1961ರಿಂದ ಬೈಕುಗಳನ್ನು ತಯಾರಿಸತೊಡಗಿ, 1973ರಿಂದ ಅವುಗಳಿಗೆ ‘ಯೆಜ್ಡಿ’ ಎಂಬ ಹೆಸರನ್ನಿಟ್ಟು, 1996ರಲ್ಲಿ ಬಾಗಿಲು ಮುಚ್ಚಿತು. ಕಿಡಿ ಹಾರಿಸುವ ಪ್ಲಗ್ಗಿನ ಮಾತಿಗೆ ಬಂದರೆ, 1951ರಲ್ಲಿ ಸ್ಥಾಪನೆಗೊಂಡ ಬೆಂಗಳೂರಿನ ‘ಮೈಕೋ’ ಸಂಸ್ಥೆಯ ಹೆಸರೇ ನಮ್ಮಲ್ಲಿ ಪ್ಲಗ್ಗಿಗೆ ಪರ್ಯಾಯಪದವಾಗಿತ್ತು; 2008ರಲ್ಲಿ ಆ ಸಂಸ್ಥೆ ‘ಬಾಷ್’ ಎಂದು ಹೆಸರು ಬದಲಿಸಿಕೊಂಡಿತು. ಯೆಜ್ಡಿಯಂಥ ಎರಡು ಸ್ಟ್ರೋಕಿನ ಗಾಡಿಗಳಲ್ಲಿ ಪೆಟ್ರೋಲಿನೊಂದಿಗೆ ಆಯಿಲ್ ಸಹ ಉರಿಯುತ್ತಿದ್ದುದರಿಂದ ಪ್ಲಗ್ಗಿಗೆ ಮಸಿ ಹಿಡಿಯುವುದು ನಿತ್ಯದ ಸಂಗತಿಯಾಗಿತ್ತು. ಆದ್ದರಿಂದಲೇ ಹಿಂದಿನ ತಲೆಮಾರಿನ ಸವಾರರು ಒಂದು ಹೆಚ್ಚುವರಿ ಪ್ಲಗ್ಗನ್ನೂ ಒಂದು ತುಂಡು ಮರಳುಕಾಗದವನ್ನೂ ಸದಾ ಜೊತೆಯಲ್ಲಿಟ್ಟುಕೊಳ್ಳುತ್ತಿದ್ದರು. 1985ರಲ್ಲಿ ಹೀರೋ ಹೋಂಡಾದ 100 ಸಿ.ಸಿ. ಬೈಕು ಬಂದ ಮೇಲೆ ನಾಲ್ಕು ಸ್ಟ್ರೋಕಿನ ಸಣ್ಣ ಎಂಜಿನು ಮನೆಮನೆಗೂ ಬಂದಿತು. ಮಸಿಯ ಕಾಟ ತಗ್ಗಿತು. ಆದರೆ ‘ಮಿಸ್ಸಿಂಗ್ ಎಂದರೆ ಪ್ಲಗ್ ದೋಷ’ ಎಂಬ ಹಳೆಯ ನಂಬಿಕೆ ಮಾತ್ರ ನಮ್ಮನ್ನು ಬಿಟ್ಟು ಹೋಗಲಿಲ್ಲ.

ಎಂಜಿನು ಬೇಡುವುದು ಮೂರನ್ನು

ನಾಲ್ಕು ಸ್ಟ್ರೋಕಿನ ಎಂಜಿನಿನಲ್ಲಿ ಎರಡು ಸುತ್ತಿಗೆ ಒಮ್ಮೆ ದಹನವಾಗುತ್ತದೆ. ನಿಮಿಷಕ್ಕೆ 5,000 ಸುತ್ತು ತಿರುಗುವಾಗ 2,500 ದಹನಗಳು, ಎಂದರೆ ಸೆಕೆಂಡಿಗೆ ನಲವತ್ತಕ್ಕೂ ಹೆಚ್ಚು. ಈ ಪ್ರತಿಯೊಂದು ದಹನಕ್ಕೂ ಮೂರು ಸಾಮಗ್ರಿಗಳು ಬೇಕು: ಸಕಾಲಕ್ಕೆ ಹಾರುವ ಬಲವಾದ ಕಿಡಿ, ತಕ್ಕ ಪ್ರಮಾಣದಲ್ಲಿ ಬೆರೆತ ಪೆಟ್ರೋಲು ಮತ್ತು ಗಾಳಿ, ಮತ್ತು ಆ ಮಿಶ್ರಣವನ್ನು ಬಿಗಿಯಾಗಿ ಒತ್ತಿ ಹಿಡಿಯುವ ಒತ್ತಡ. ಒಂದು ಕಿಲೋ ಪೆಟ್ರೋಲು ಪೂರ್ಣವಾಗಿ ಉರಿಯಬೇಕಾದರೆ ಸುಮಾರು 14.7 ಕಿಲೋ ಗಾಳಿ ಬೇಕು. ಈ ಮೂರರಲ್ಲಿ ಒಂದು ಆಗಾಗ ಕೈಕೊಟ್ಟರೆ ಮಿಸ್ಸಿಂಗು; ಪೂರ್ತಿಯಾಗಿ ಕೈಕೊಟ್ಟರೆ ಗಾಡಿ ನಿಂತೇಹೋಗುತ್ತದೆ. ನಿಂತುಹೋದ ಗಾಡಿಯ ದೋಷವನ್ನು ಹಿಡಿಯುವುದು ಸುಲಭ, ಏಕೆಂದರೆ ದೋಷವು ಕಣ್ಮುಂದೆಯೇ ಇರುತ್ತದೆ. ಆಗಾಗ ತಪ್ಪುವ ಗಾಡಿಯ ದೋಷವು ಗ್ಯಾರೇಜಿನ ಬಾಗಿಲಲ್ಲಿ ಅಡಗಿಕೊಂಡು, ಮನೆಯ ದಾರಿಯಲ್ಲಿ ಮತ್ತೆ ತಲೆಯೆತ್ತುತ್ತದೆ. ಕಷ್ಟವಿರುವುದು ಇಲ್ಲಿಯೇ.

ಅದು ನಿಜವಾಗಿಯೂ ಮಿಸ್ಸಿಂಗೇ ಹೌದೆ ಎಂಬುದನ್ನು ಮೊದಲು ನಿಶ್ಚಯಿಸಿಕೊಳ್ಳಬೇಕು. ಸಡಿಲವಾದ ಚೈನು ಸಹ ಗಾಡಿಯನ್ನು ಎಳೆದೆಳೆದು ಜಗ್ಗುತ್ತದೆ. ಸವೆದ ಕ್ಲಚ್ಚಿನಲ್ಲಿ ಎಂಜಿನಿನ ಸದ್ದು ಏರುತ್ತದೆ, ವೇಗ ಮಾತ್ರ ಏರುವುದಿಲ್ಲ. ಮಿಸ್ಸಿಂಗಿನಲ್ಲಾದರೋ ಎಂಜಿನಿನ ಸದ್ದಿನ ಲಯವೇ ಮುರಿಯುತ್ತದೆ. ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಗೇರು ಹಾಕದೆ, ನಿಧಾನವಾಗಿ ಎಕ್ಸಲೇಟರ್ ಕೊಟ್ಟಾಗಲೂ ಲಯ ಮುರಿದರೆ ಚೈನು ಮತ್ತು ಕ್ಲಚ್ಚುಗಳನ್ನು ಸಂಶಯದಿಂದ ಬಿಡುಗಡೆ ಮಾಡಬಹುದು.

ಯಾವಾಗ ತಪ್ಪುತ್ತದೆ?

ವೈದ್ಯರು ನಾಡಿ ಹಿಡಿಯುವ ಮೊದಲು ಕೇಳುವಂತೆ ಇಲ್ಲಿಯೂ ಪಾನಾ ಹಿಡಿಯುವ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ. ‘ಏನು ಕೆಟ್ಟಿದೆ’ ಎಂಬುದಲ್ಲ, ‘ಯಾವಾಗ ತಪ್ಪುತ್ತದೆ’ ಎಂಬುದು ಆ ಪ್ರಶ್ನೆ. ಮಳೆಯಲ್ಲಿ ಮಾತ್ರವೋ? ಬೆಳಗಿನ ತಂಪಿನಲ್ಲೋ, ಎಂಜಿನು ಕಾದ ಮೇಲೋ? ನಿಂತಲ್ಲಿ ಸಣ್ಣಗೆ ಓಡುವಾಗಲೋ, ಏರಿನಲ್ಲಿ ಭಾರ ಹೊತ್ತಾಗಲೋ? ಹೊಂಡಕ್ಕೆ ಬಿದ್ದಾಗಲೋ? ನಾಲ್ಕಾರು ಕಿಲೋಮೀಟರು ಓಡಿದ ಮೇಲೆ ಶುರುವಾಗಿ, ಸ್ವಲ್ಪ ಹೊತ್ತು ನಿಲ್ಲಿಸಿದರೆ ತಾನಾಗಿಯೇ ವಾಸಿಯಾಗುತ್ತದೆಯೋ? ಈ ಪ್ರಶ್ನೆಗಳಿಗೆ ಉತ್ತರ ಕೊಡಬಲ್ಲವರು ಮೆಕ್ಯಾನಿಕರಲ್ಲ, ಗಾಡಿಯನ್ನು ದಿನವೂ ಓಡಿಸುವ ಮನೆಯವರು. ಆದ್ದರಿಂದ ಒಂದು ವಾರ ಕಾಲ ಕ್ಯಾಲೆಂಡರಿನ ಅಂಚಿನಲ್ಲಿ ಇದನ್ನು ಗುರುತು ಮಾಡಿಟ್ಟರೆ ಅರ್ಧ ಕೆಲಸ ಮುಗಿದಂತೆಯೇ ಸರಿ. ಒಂದೇ ಗಾಡಿಯನ್ನು ಮನೆಯಲ್ಲಿ ಇಬ್ಬರು ಮೂವರು ಓಡಿಸುತ್ತಿದ್ದರೆ ಎಲ್ಲರನ್ನೂ ಕೇಳಬೇಕು. ಹಾಲಿನ ಕ್ಯಾನು ಹೇರಿಕೊಂಡು ಏರು ಹತ್ತುವ ತಂದೆಗೆ ಕಾಣುವ ದೋಷವು ಒಬ್ಬಳೇ ಪೇಟೆಗೆ ಹೋಗಿಬರುವ ಮಗಳಿಗೆ ಕಾಣದಿರಬಹುದು. ಇಬ್ಬರ ಮಾತೂ ನಿಜವೇ ಆಗಿರುತ್ತದೆ.

ಮಳೆಯಲ್ಲಿ ತಪ್ಪುವ ಕಿಡಿ

ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಆಗುಂಬೆಯ ಸೀಮೆಯಲ್ಲಿ ಮೊದಲ ಸಂಶಯ ಹೋಗಬೇಕಾದದ್ದು ಪ್ಲಗ್ಗಿನ ಮೇಲಲ್ಲ, ಅದರ ತಲೆಯ ಮೇಲೆ ಕೂತಿರುವ ಕ್ಯಾಪಿನ ಮೇಲೆ ಮತ್ತು ಅದಕ್ಕೆ ಬರುವ ದಪ್ಪ ವಯರಿನ ಮೇಲೆ. ಈ ವಯರಿನಲ್ಲಿ ಹರಿಯುವುದು ಸಾವಿರಾರು ವೋಲ್ಟುಗಳ ವಿದ್ಯುತ್ತು. ರಬ್ಬರು ಸೀಳಿದ್ದರೆ, ಕ್ಯಾಪಿನೊಳಗೆ ಕೆಸರು ನೀರು ಸೇರಿದ್ದರೆ, ಆ ವಿದ್ಯುತ್ತು ಪ್ಲಗ್ಗಿನ ತುದಿಯವರೆಗೆ ಹೋಗುವ ಕಷ್ಟವನ್ನೇ ತೆಗೆದುಕೊಳ್ಳದೆ ಹತ್ತಿರದ ಕಬ್ಬಿಣಕ್ಕೆ ಹಾರಿಬಿಡುತ್ತದೆ. ಬಿಸಿಲು ಬಿದ್ದು ಎಲ್ಲವೂ ಒಣಗಿದೊಡನೆ ದೋಷ ಮಾಯವಾಗುತ್ತದೆ.

ಇದರ ಪರೀಕ್ಷೆಗೆ ಖರ್ಚಿಲ್ಲ. ಕತ್ತಲಾದ ಮೇಲೆ, ಕೊಟ್ಟಿಗೆಯ ಒಳಗಲ್ಲ, ಗಾಳಿಯಾಡುವ ಅಂಗಳದಲ್ಲಿ ಗಾಡಿಯನ್ನು ಸ್ಟಾರ್ಟ್ ಮಾಡಿ ನಿಲ್ಲಿಸಿ, ಮನೆಯ ದೀಪ ಆರಿಸಿ, ಪ್ಲಗ್ಗಿನ ಸುತ್ತ ನೋಡಬೇಕು. ವಿದ್ಯುತ್ತು ಸೋರುತ್ತಿದ್ದರೆ ನೀಲಿಯ ಸಣ್ಣ ಕಿಡಿಗಳು ಕಣ್ಣಿಗೆ ಬೀಳುತ್ತವೆ. ಹೂವಿನ ಗಿಡಗಳಿಗೆ ನೀರು ಚಿಮುಕಿಸುವ ಕೈಪಂಪಿನಿಂದ ಕ್ಯಾಪು ಮತ್ತು ವಯರಿನ ಮೇಲೆ ತುಂತುರು ಹೊಡೆದಾಗ ಎಂಜಿನು ಮುಗ್ಗರಿಸಿದರೆ ದೋಷದ ಮನೆ ಸಿಕ್ಕಿತೆಂದೇ ತಿಳಿಯಬೇಕು. ಎಂಜಿನು ಓಡುತ್ತಿರುವಾಗ ಆ ವಯರನ್ನಾಗಲಿ ಕ್ಯಾಪನ್ನಾಗಲಿ ಕೈಯಿಂದ ಮುಟ್ಟಕೂಡದು. ಹೊಡೆತ ಬಲವಾಗಿಯೇ ಬೀಳುತ್ತದೆ. ಸಾಮಾನ್ಯವಾಗಿ ಹೊಸ ಕ್ಯಾಪೊಂದರಿಂದಲೇ ಈ ದೋಷ ಪರಿಹಾರವಾಗುತ್ತದೆ. ವಯರು ಕ್ಯಾಪನ್ನು ಸೇರುವ ತುದಿ ಕಪ್ಪಾಗಿದ್ದರೆ ಸ್ವಲ್ಪ ಕತ್ತರಿಸಿ, ಹೊಸ ತುದಿಗೆ ಕ್ಯಾಪನ್ನು ತಿರುಗಿಸಿ ಕೂರಿಸುವುದು ರೂಢಿ.

ಹೊಂಡಕ್ಕೆ ಬಿದ್ದಾಗ ಮಾತ್ರ ತಪ್ಪುವ ಗಾಡಿಯಾದರೆ ಸಡಿಲವಾದ ಜೋಡಣೆಯನ್ನು ಹುಡುಕಬೇಕು: ಬ್ಯಾಟರಿಯ ತುದಿಗಳು, ಕೀಲಿಯ ಸ್ವಿಚ್ಚು, ಹ್ಯಾಂಡಲ್ ತಿರುಗಿದಂತೆಲ್ಲ ಮಡಚಿಕೊಳ್ಳುವ ವಯರುಗಳು. ನಿಂತಲ್ಲೇ ಎಂಜಿನು ಓಡುತ್ತಿರುವಾಗ ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ ನೋಡಿದರೆ ಕೆಲವು ವೇಳೆ ಗುಟ್ಟು ಹೊರಬೀಳುತ್ತದೆ. ಈಚಿನ ಅನೇಕ ಬೈಕುಗಳಲ್ಲಿ ಪಕ್ಕದ ಸ್ಟ್ಯಾಂಡು ಇಳಿಸಿದ್ದರೆ ಎಂಜಿನು ಓಡದಂತೆ ಒಂದು ಸ್ವಿಚ್ಚನ್ನು ಇಟ್ಟಿರುತ್ತಾರೆ. ಮಣ್ಣು ರಸ್ತೆಯ ಕೆಂಪು ಕೆಸರು ಅಲ್ಲಿ ಮೆತ್ತಿಕೊಂಡರೆ, ಸ್ಟ್ಯಾಂಡು ಮೇಲಿದ್ದರೂ ಇಳಿದಿದೆಯೆಂದು ಯಂತ್ರವು ಭ್ರಮಿಸಬಹುದು. ಒಂದು ಚೊಂಬು ನೀರು ಮತ್ತು ಹಳೆಯ ಹಲ್ಲುಜ್ಜುವ ಬ್ರಷ್ಷು ಅಲ್ಲಿ ಸಾಕಾಗುತ್ತವೆ.

ಪ್ಲಗ್ಗು ಹೇಳುವ ಸಾಕ್ಷಿ

ಇನ್ನು ಪ್ಲಗ್ಗನ್ನು ಬಿಚ್ಚೋಣ. ಎಂಜಿನು ಪೂರ್ತಿ ತಣಿದ ಮೇಲೆಯೇ ಬಿಚ್ಚಬೇಕು. ಬಿಸಿಯಿರುವಾಗ ಬಲವಂತ ಮಾಡಿದರೆ ಅಲ್ಯೂಮಿನಿಯಮ್ ತಲೆಯ ಮರೆ ಕಿತ್ತುಹೋಗುತ್ತದೆ. ಬಿಚ್ಚುವ ಮೊದಲು ಸುತ್ತಲಿನ ಮಣ್ಣನ್ನು ಒರೆಸಬೇಕು. ಇಲ್ಲದಿದ್ದರೆ ಅದು ನೇರವಾಗಿ ಸಿಲಿಂಡರಿನೊಳಗೆ ಬೀಳುತ್ತದೆ. ತುದಿಯು ತಿಳಿಕಂದು ಬಣ್ಣವಾಗಿದ್ದರೆ ಒಳಗೆ ಎಲ್ಲವೂ ಕ್ಷೇಮ. ಒಣ ಕಾಡಿಗೆಯಂಥ ಮಸಿಯಿದ್ದರೆ ಪೆಟ್ರೋಲು ಹೆಚ್ಚಾಗಿದೆ, ಇಲ್ಲವೆ ಗಾಳಿ ಕಡಿಮೆಯಾಗಿದೆ, ಇಲ್ಲವೆ ಕಿಡಿ ಬಲಹೀನವಾಗಿದೆ. ಪೆಟ್ರೋಲಿನಿಂದಲೇ ಒದ್ದೆಯಾಗಿದ್ದರೆ ಇಂಧನ ಬರುತ್ತಿದೆ, ಉರಿಯುತ್ತಿಲ್ಲ. ಜಿಡ್ಡು ಜಿಡ್ಡಾಗಿದ್ದರೆ ಎಂಜಿನ್ ಆಯಿಲ್ ಮೇಲೇರುತ್ತಿದೆ. ಬೂದಿಯಂತೆ ಬಿಳುಪಾಗಿ ಸುಟ್ಟಿದ್ದರೆ ಪೆಟ್ರೋಲು ಸಾಲದೆ ಎಂಜಿನು ಅತಿಯಾಗಿ ಕಾಯುತ್ತಿದೆ. ಹೀಗೆ ಪ್ಲಗ್ಗು ಅನೇಕ ಸಲ ಅಪರಾಧಿಯಲ್ಲ, ಸಾಕ್ಷಿ. ಸಾಕ್ಷಿಯನ್ನು ಓದದೆ ಎಸೆದು ಹೊಸದನ್ನು ಹಾಕಿದರೆ ಗಾಡಿ ನಾಲ್ಕು ದಿನ ಚೆನ್ನಾಗಿ ಓಡಿ, ಐದನೆಯ ದಿನ ಮತ್ತೆ ಕೆಮ್ಮುತ್ತದೆ.

ಪ್ಲಗ್ಗಿನ ತುದಿಯ ಸಂದು ಸಣ್ಣ ಬೈಕುಗಳಲ್ಲಿ ಸಾಮಾನ್ಯವಾಗಿ 0.6 ರಿಂದ 0.9 ಮಿಲಿಮೀಟರಿನಷ್ಟು ಇರುತ್ತದೆ. ನಿಮ್ಮ ಗಾಡಿಯ ಲೆಕ್ಕವನ್ನು ಅದರ ಕೈಪಿಡಿಯಲ್ಲಿ ನೋಡಿ, ಫೀಲರ್ ಗೇಜಿನಿಂದ ಅಳೆಯಬೇಕು. ಮರಳುಕಾಗದದಿಂದ ಉಜ್ಜುವ ಹಳೆಯ ಪದ್ಧತಿಯನ್ನು ಈಗ ಕೈಬಿಡುವುದೇ ಲೇಸು. ಕಾಗದದ ಕಣಗಳು ಪಿಂಗಾಣಿಯ ಸುತ್ತ ಸಿಕ್ಕಿಕೊಂಡು ಎಂಜಿನಿನೊಳಗೆ ಇಳಿಯಬಹುದು. ಮತ್ತೆ ಕೂರಿಸುವಾಗ ಮೊದಲ ಕೆಲವು ಸುತ್ತುಗಳನ್ನು ಬೆರಳಿನಿಂದಲೇ ತಿರುಗಿಸಬೇಕು.

ಇಲ್ಲಿ ಒಂದು ಸಂಗತಿಯನ್ನು ವಿಶೇಷವಾಗಿ ಗಮನಕ್ಕೆ ತರಬಯಸುತ್ತೇವೆ. ಬಿಚ್ಚಿದ ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ, ಅದರ ಮೈಯನ್ನು ಎಂಜಿನಿಗೆ ತಾಗಿಸಿ ಕಿಕ್ ಹೊಡೆದು ‘ನೋಡಿ, ಕಿಡಿ ಹಾರುತ್ತಿದೆ, ಆದ್ದರಿಂದ ದೋಷ ಇಲ್ಲಿಲ್ಲ’ ಎಂದು ತೀರ್ಮಾನಿಸುವುದು ಎಲ್ಲ ಕಡೆಯ ರೂಢಿ. ಈ ತೀರ್ಮಾನ ಅರ್ಧ ಮಾತ್ರ ಸರಿ. ಬಯಲಿನ ಗಾಳಿಯಲ್ಲಿ ಕಿಡಿ ಹಾರುವುದು ಸುಲಭ. ಸಿಲಿಂಡರಿನೊಳಗೆ ಮಿಶ್ರಣವು ಬಿಗಿಯಾಗಿ ಒತ್ತಲ್ಪಟ್ಟಾಗ ಅದೇ ಸಂದನ್ನು ದಾಟಲು ಕಿಡಿಗೆ ಬಹಳ ಹೆಚ್ಚು ವೋಲ್ಟು ಬೇಕಾಗುತ್ತದೆ. ಎಕ್ಸಲೇಟರ್ ಪೂರ್ತಿ ತಿರುವಿ ಏರು ಹತ್ತುವಾಗ ಒಳಗಿನ ಒತ್ತಡ ಅತ್ಯಧಿಕವಾಗಿರುತ್ತದೆ. ಬಲಹೀನವಾದ ಕಾಯಿಲ್, ಸವೆದು ಅಗಲವಾದ ಪ್ಲಗ್ ಸಂದು, ಸೋರುವ ಕ್ಯಾಪು ಸೋಲುವುದು ಅಲ್ಲಿಯೇ. ‘ಅಂಗಳದಲ್ಲಿ ಚೆನ್ನಾಗಿದೆ, ಏರಿನಲ್ಲಿ ತಪ್ಪುತ್ತದೆ’ ಎಂಬ ದೂರಿಗೆ ಇದೇ ಒಂದು ಮುಖ್ಯ ಕಾರಣ. ಆದ್ದರಿಂದ ಬಯಲಿನ ಕಿಡಿಯು ‘ವಿದ್ಯುತ್ತು ಬರುತ್ತಿದೆ’ ಎಂಬುದನ್ನಷ್ಟೇ ಹೇಳುತ್ತದೆ, ‘ಸಾಕಷ್ಟು ಬರುತ್ತಿದೆ’ ಎಂಬುದನ್ನಲ್ಲ. ಈ ಪರೀಕ್ಷೆ ಮಾಡುವಾಗ ಪ್ಲಗ್ಗಿನ ತೂತಿನಿಂದ ಪೆಟ್ರೋಲಿನ ಆವಿ ಹೊರಬರುತ್ತಿರುತ್ತದೆ ಎಂಬುದನ್ನು ಮರೆಯದೆ, ಕಿಡಿಯನ್ನು ತೂತಿನಿಂದ ದೂರದಲ್ಲಿರಿಸಬೇಕು. ಪ್ಲಗ್ಗನ್ನು ಬರಿಗೈಯಲ್ಲಿ ಹಿಡಿಯಬಾರದು. ಬೀಡಿ, ದೀಪಗಳು ಹತ್ತಿರ ಸುಳಿಯಕೂಡದು.

ಪೆಟ್ರೋಲಿನ ದಾರಿ

ಕಿಡಿ ನಿರ್ದೋಷಿಯೆಂದು ಕಂಡುಬಂದ ಮೇಲೆ ಪೆಟ್ರೋಲಿನ ದಾರಿ ಹಿಡಿಯಬೇಕು. ನಾಲ್ಕಾರು ಕಿಲೋಮೀಟರಿನ ನಂತರ ಬಳಲಿ, ನಿಂತು ಸುಧಾರಿಸಿಕೊಳ್ಳುವ ಗಾಡಿಯಲ್ಲಿ ಮೊದಲು ಟ್ಯಾಂಕಿನ ಮುಚ್ಚಳವನ್ನು ತೆರೆದು ನೋಡಿ. ಮುಚ್ಚಳದಲ್ಲಿ ಗಾಳಿಯಾಡಲು ಒಂದು ಸೂಕ್ಷ್ಮ ರಂಧ್ರವಿರುತ್ತದೆ. ಅದು ಮಣ್ಣಿನಿಂದ ಮುಚ್ಚಿಹೋದರೆ ಪೆಟ್ರೋಲು ಇಳಿದಂತೆಲ್ಲ ಒಳಗೆ ನಿರ್ವಾತವೇರ್ಪಟ್ಟು, ಕಾರ್ಬುರೇಟರಿಗೆ ಪೆಟ್ರೋಲು ಇಳಿಯುವುದೇ ನಿಲ್ಲುತ್ತದೆ. ಮುಚ್ಚಳ ತೆರೆದಾಗ ‘ಸುಂಯ್’ ಎಂದು ಗಾಳಿ ಒಳನುಗ್ಗಿ, ಗಾಡಿ ಮತ್ತೆ ಸರಿಯಾದರೆ ಅಲ್ಲಿಗೆ ವಿಚಾರಣೆ ಮುಗಿಯಿತು. ಪೈಸೆಯ ಖರ್ಚೂ ಇಲ್ಲದ ರಿಪೇರಿ ಇದು.

ಎರಡನೆಯದು ನೀರು. ಕಾರ್ಬುರೇಟರ್ ಇರುವ ಗಾಡಿಗಳಲ್ಲಿ ಅದರ ತಳದ ಬಟ್ಟಲಿಗೆ ಒಂದು ಸಣ್ಣ ತಿರುಪು ಇರುತ್ತದೆ. ತಣಿದ ಎಂಜಿನಿನ ಮೇಲೆ, ಬೆಂಕಿಯಿಂದ ದೂರದಲ್ಲಿ, ಅದನ್ನು ಸಡಿಲಿಸಿ ಬರುವ ಪೆಟ್ರೋಲನ್ನು ಗಾಜಿನ ಸೀಸೆಯಲ್ಲಿ ಹಿಡಿದು ಸ್ವಲ್ಪ ಹೊತ್ತು ಇಡಬೇಕು. ತಳದಲ್ಲಿ ಬೇರೆಯಾಗಿ ನಿಂತ ಪದರವೋ ಮುತ್ತಿನಂಥ ಹನಿಗಳೋ ಕಂಡರೆ ಟ್ಯಾಂಕಿಗೆ ನೀರು ಸೇರಿದೆ. ಈಚಿನ ವರ್ಷಗಳಲ್ಲಿ ಇದಕ್ಕೆ ಹೊಸದೊಂದು ಕಾರಣವೂ ಕೂಡಿಕೊಂಡಿದೆ. ಶೇಕಡಾ 20ರಷ್ಟು ಎಥನಾಲ್ ಬೆರೆತ ಪೆಟ್ರೋಲು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾಗಿ, 2025ರ ಹೊತ್ತಿಗೆ ದೇಶದಲ್ಲೆಲ್ಲ ಸಾಮಾನ್ಯವಾಯಿತು. ಎಥನಾಲ್ ನೀರನ್ನು ತನ್ನೊಳಗೆ ಹೀರಿಕೊಳ್ಳುತ್ತದೆ. ಅಲ್ಪಸ್ವಲ್ಪ ನೀರಾದರೆ ಬೆರೆತು ಉರಿದುಹೋಗುತ್ತದೆ. ಮಿತಿ ಮೀರಿದರೆ ನೀರೂ ಎಥನಾಲೂ ಜೊತೆಗೂಡಿ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳ ಸೇರುತ್ತವೆ. ಎಂಜಿನಿಗೆ ಪೆಟ್ರೋಲು ಹೋಗುವುದು ಆ ತಳದಿಂದಲೇ ಅಲ್ಲವೆ? ಮಳೆಗಾಲವಿಡೀ ಕೊಟ್ಟಿಗೆಯ ಮೂಲೆಯಲ್ಲಿ ಅರೆ ಟ್ಯಾಂಕು ಪೆಟ್ರೋಲಿನೊಂದಿಗೆ ನಿಂತಿದ್ದ ಗಾಡಿಯು ದಸರಾ ರಜೆಯಲ್ಲಿ ಮುಗ್ಗರಿಸುವುದಕ್ಕೆ ಇದೂ ಕಾರಣವಾಗಬಹುದು. ಬಹುಕಾಲ ನಿಲ್ಲಿಸುವುದಿದ್ದರೆ ಗಾಡಿಯನ್ನು ಹನಿ ಬೀಳದ ಕಡೆ ಇರಿಸಿ, ವಾರಕ್ಕೊಮ್ಮೆಯಾದರೂ ಓಡಿಸಿ, ಪೆಟ್ರೋಲು ಹಳತಾಗದಂತೆ ನೋಡಿಕೊಳ್ಳುವುದು ಒಳಿತು. ಹಳೆಯ ಕಾರ್ಬುರೇಟರ್ ಗಾಡಿಗಳಿಗೆ ಎಥನಾಲ್ ಬೆರೆತ ಪೆಟ್ರೋಲಿನಿಂದ ಮಿಶ್ರಣವು ಕೊಂಚ ತೆಳುವಾಗುವುದೂ ಉಂಟು. ಹಳೆಯ ರಬ್ಬರ್ ಕೊಳವೆಗಳು ಬಿರಿಯದಂತೆ ಆಗಾಗ ನೋಡಿಕೊಳ್ಳಬೇಕು.

ಮೂರನೆಯದು ಕಸ. ಕಾರ್ಬುರೇಟರಿನಲ್ಲಿ ಸಣ್ಣ ಓಟಕ್ಕೊಂದು, ದೊಡ್ಡ ಓಟಕ್ಕೊಂದು ಎಂದು ಬೇರೆ ಬೇರೆ ಜೆಟ್ಟುಗಳಿವೆ. ನಿಂತಲ್ಲಿ ತಪ್ಪಿ, ವೇಗದಲ್ಲಿ ಸರಿಯಾಗಿ ಓಡಿದರೆ ಸಣ್ಣ ಜೆಟ್ಟಿನ ಮೇಲೆ, ನಿಂತಲ್ಲಿ ಸರಿಯಿದ್ದು ಪೂರ್ಣ ವೇಗದಲ್ಲಿ ತಪ್ಪಿದರೆ ದೊಡ್ಡ ಜೆಟ್ಟಿನ ಮೇಲೆ ಸಂಶಯ ಹೋಗಬೇಕು. ಚೋಕ್ ಎಳೆದಾಗ ಗಾಡಿ ಚೇತರಿಸಿಕೊಂಡರೆ ಪೆಟ್ರೋಲು ಸಾಲದಾಗಿದೆ ಅಥವಾ ಎಲ್ಲೋ ಬಿರುಕಿನಿಂದ ಹೊರಗಿನ ಗಾಳಿ ಒಳಸೇರುತ್ತಿದೆ. ಇನ್ನಷ್ಟು ಕೆಟ್ಟರೆ ಪೆಟ್ರೋಲು ಈಗಾಗಲೇ ಹೆಚ್ಚಾಗಿದೆ. ಅಡಿಕೆ ಸುಲಿಯುವ ಅಂಗಳದ ಧೂಳಿನಿಂದಲೋ ಮಳೆಯ ಪಸೆಯಿಂದಲೋ ಕಟ್ಟಿಕೊಂಡ ಏರ್ ಫಿಲ್ಟರು ಸಹ ಉಸಿರು ಕಟ್ಟಿಸಿ ಪ್ಲಗ್ಗಿಗೆ ಮಸಿ ಹಿಡಿಸುತ್ತದೆ.

ಕಿಡಿ, ಪೆಟ್ರೋಲುಗಳೆರಡೂ ಸರಿಯಿದ್ದು, ಎಂಜಿನು ಕಾದ ಮೇಲೆ ಮಾತ್ರ ಬಲ ಕುಂದಿದರೆ ಟ್ಯಾಪೆಟ್ಟಿನ ಸಂದನ್ನು ಪರೀಕ್ಷಿಸಬೇಕಾಗುತ್ತದೆ. ಸಂದು ಅತಿಯಾಗಿ ಬಿಗಿಯಾದರೆ ಕಾದು ಹಿಗ್ಗಿದ ವಾಲ್ವು ಪೂರ್ತಿ ಮುಚ್ಚಿಕೊಳ್ಳದೆ ಒತ್ತಡವು ಸೋರಿಹೋಗುತ್ತದೆ. ‘ಟಿಕ್ ಟಿಕ್’ ಸದ್ದು ಬರುವ ಟ್ಯಾಪೆಟ್ಟಿನ ಬಗ್ಗೆ ಎಲ್ಲರೂ ದೂರುತ್ತಾರೆ, ಸದ್ದಿಲ್ಲದ ಬಿಗಿ ಟ್ಯಾಪೆಟ್ಟಿನ ಬಗ್ಗೆ ಯಾರೂ ದೂರುವುದಿಲ್ಲ. ವಾಲ್ವನ್ನು ಸುಡುವುದು ಮಾತ್ರ ಎರಡನೆಯದು. ಮಿಲಿಮೀಟರಿನ ನೂರನೆಯ ಭಾಗಗಳ ಈ ಅಳತೆಯನ್ನು ಎಂಜಿನು ತಣ್ಣಗಿರುವಾಗ ನುರಿತ ಕೈಯಿಂದಲೇ ಮಾಡಿಸಬೇಕು.

2020ರ ಏಪ್ರಿಲಿನಲ್ಲಿ ಬಿ.ಎಸ್. 6 ನಿಯಮ ಜಾರಿಗೆ ಬಂದ ಮೇಲೆ ಹೊಸ ಬೈಕುಗಳಲ್ಲಿ ಕಾರ್ಬುರೇಟರಿನ ಸ್ಥಾನಕ್ಕೆ ಬಹುಮಟ್ಟಿಗೆ ಇಂಜೆಕ್ಷನ್ ವ್ಯವಸ್ಥೆ ಬಂದಿದೆ. ಇವುಗಳಲ್ಲಿ ಮೀಟರಿನ ಬಳಿ ಎಂಜಿನಿನ ಚಿತ್ರವುಳ್ಳ ಹಳದಿ ದೀಪವೊಂದಿರುತ್ತದೆ. ಓಡುವಾಗ ಅದು ಹೊತ್ತಿಕೊಂಡರೆ ಅಲಕ್ಷಿಸಬಾರದು. ಪೆಟ್ರೋಲು ಒತ್ತಡದಲ್ಲಿರುವುದರಿಂದ ಅದರ ಕೊಳವೆಗಳನ್ನು ಮನೆಯಲ್ಲಿ ಬಿಚ್ಚಲೂ ಬಾರದು. ಆದರೆ ಪ್ಲಗ್ಗು, ಕ್ಯಾಪು, ಬ್ಯಾಟರಿಯ ತುದಿಗಳು, ಸ್ಟ್ಯಾಂಡಿನ ಸ್ವಿಚ್ಚು, ಏರ್ ಫಿಲ್ಟರು ಇವು ಅಲ್ಲಿಯೂ ಇವೆ; ‘ಯಾವಾಗ ತಪ್ಪುತ್ತದೆ’ ಎಂಬ ಪ್ರಶ್ನೆಯೂ ಅಲ್ಲಿ ಅಷ್ಟೇ ಸಲ್ಲುತ್ತದೆ. ಮಿಸ್ಸಿಂಗ್ ಇಟ್ಟುಕೊಂಡೇ ಓಡಿಸುತ್ತ ಹೋದರೆ ಉರಿಯದ ಪೆಟ್ರೋಲು ಸೈಲೆನ್ಸರಿನೊಳಗಿನ ಹೊಗೆ ಶುದ್ಧಿಯ ಭಾಗಕ್ಕೆ ಹೋಗಿ ಉರಿದು, ಅದನ್ನು ಅತಿಯಾಗಿ ಕಾಯಿಸಿ ಕೆಡಿಸುತ್ತದೆ. ಸಣ್ಣ ದೋಷವು ದೊಡ್ಡ ಖರ್ಚಾಗುವ ದಾರಿ ಇದು.

ಒಂದು ಬಾರಿಗೆ ಒಂದೇ ಬದಲಾವಣೆ

ಇಷ್ಟೆಲ್ಲದರ ಸಾರ ಎರಡು ಮಾತು. ಖರ್ಚಿಲ್ಲದ ಪರೀಕ್ಷೆಗಳು ಮೊದಲು, ಅಲ್ಪ ಖರ್ಚಿನವು ನಂತರ, ದುಬಾರಿಯವು ಕೊನೆಗೆ. ಮತ್ತು ಒಂದು ಬಾರಿಗೆ ಒಂದೇ ಬದಲಾವಣೆ. ಪ್ಲಗ್ಗು, ಕಾಯಿಲ್, ಕಾರ್ಬುರೇಟರ್ ಮೂರನ್ನೂ ಒಂದೇ ದಿನ ಬದಲಾಯಿಸಿ ಗಾಡಿ ಸರಿಯಾಯಿತೆಂದು ಇಟ್ಟುಕೊಳ್ಳೋಣ. ಯಾವುದರಿಂದ ಸರಿಯಾಯಿತೆಂದು ಯಾರೂ ಹೇಳಲಾರರು. ಎರಡು ಭಾಗಗಳ ಹಣವಂತೂ ನಿಶ್ಚಯವಾಗಿ ವ್ಯರ್ಥ. ಮುಂದಿನ ಮಳೆಗಾಲಕ್ಕೆ ಅದೇ ದೋಷ ಮರಳಿದಾಗ ಮನೆಯವರೂ ಮೆಕ್ಯಾನಿಕರೂ ನಿಂತಿರುವುದು ಹಿಂದಿನ ವರ್ಷ ನಿಂತ ಜಾಗದಲ್ಲಿಯೇ. ಬದಲಾಯಿಸಿದ ಹಳೆಯ ಭಾಗವನ್ನು ಕೇಳಿ ಮನೆಗೆ ತಂದಿಡುವುದೂ ಒಳ್ಳೆಯ ಅಭ್ಯಾಸ. ಅದು ನಿರ್ದೋಷಿಯೆಂದು ಕಂಡುಬಂದರೆ ಮುಂದೊಂದು ದಿನ ಉಪಯೋಗಕ್ಕೆ ಬರುತ್ತದೆ.

ಆದರೆ ಈ ತಪ್ಪಿನ ಹೊಣೆಯನ್ನೆಲ್ಲ ಮೆಕ್ಯಾನಿಕರ ತಲೆಗೆ ಕಟ್ಟುವುದು ನ್ಯಾಯವಲ್ಲ. ನಮ್ಮ ಮನೆಗಳ ನಡವಳಿಕೆಯನ್ನು ಕೊಂಚ ಪರಿಶೀಲಿಸೋಣ. ಸಾವಿರಾರು ರೂಪಾಯಿ ಬೆಲೆಯ ಬಿಡಿಭಾಗವನ್ನು ಹಾಕಿ ಬಿಲ್ಲು ಕೊಟ್ಟರೆ ಮರುಮಾತಿಲ್ಲದೆ ಹಣ ಕೊಡುತ್ತೇವೆ. ಅದೇ ಮೆಕ್ಯಾನಿಕರು ಎರಡು ಗಂಟೆ ಕಾಲ ತಾಳ್ಮೆಯಿಂದ ಪರೀಕ್ಷಿಸಿ, ಟ್ಯಾಂಕಿನ ಮುಚ್ಚಳದ ರಂಧ್ರಕ್ಕೆ ಒಂದು ಸೂಜಿ ಚುಚ್ಚಿ ದೋಷವನ್ನು ನೀಗಿಸಿದರೆ, ‘ಇಷ್ಟಕ್ಕೆ ಯಾತರ ಹಣ?’ ಎಂದು ನಗುತ್ತ ಗಾಡಿ ಹತ್ತುತ್ತೇವೆ. ವಸ್ತುವಿಗೆ ಬೆಲೆಯುಂಟು, ವಿಚಾರಕ್ಕೆ ಬೆಲೆಯಿಲ್ಲ ಎಂದು ನಾವೇ ಕಲಿಸಿದ ಮೇಲೆ, ಬಡ ಗ್ಯಾರೇಜಿನವರು ವಿಚಾರವನ್ನು ಬಿಟ್ಟು ವಸ್ತುವನ್ನೇ ಮಾರತೊಡಗಿದರೆ ಆಶ್ಚರ್ಯವೇನು?

ಶರಣ ಪರಂಪರೆಗೆ ಸೇರಿದವರೆಂದು ಹೇಳಿಕೊಳ್ಳುವ ನಮಗೆ ಇದು ಒಪ್ಪುವ ನಡೆಯಲ್ಲ. 12ನೆಯ ಶತಮಾನದ ಕಲ್ಯಾಣದಲ್ಲಿ ಹಗ್ಗ ಹೊಸೆಯುವ ನುಲಿಯ ಚಂದಯ್ಯನವರೂ, ಬಿದಿರು ಹೆಣೆಯುವ ಮೇದಾರ ಕೇತಯ್ಯನವರೂ ಅನುಭಾವಿಗಳ ಸಾಲಿನಲ್ಲಿ ಸಮಾನರಾಗಿ ಕುಳಿತರು. ಕೈಯ ಕೆಲಸಕ್ಕೂ ತಲೆಯ ಕೆಲಸಕ್ಕೂ ನಡುವೆ ಅಲ್ಲಿ ಗೋಡೆಯಿರಲಿಲ್ಲ. ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದ ಪತಿ ಮಾರಯ್ಯನವರನ್ನು ಆಯ್ದಕ್ಕಿ ಲಕ್ಕಮ್ಮನವರು ಒಪ್ಪದೆ, ಹೆಚ್ಚಿನದನ್ನು ಹಿಂದಿರುಗಿಸಿ ಬರುವಂತೆ ಹೇಳಿದ ಪ್ರಸಂಗ ನಮ್ಮ ಮಕ್ಕಳಿಗೂ ಗೊತ್ತು. ಆ ಪ್ರಸಂಗಕ್ಕೆ ಎರಡು ಮುಖಗಳಿವೆ. ಕಾಯಕ ಮಾಡುವವರು ಸಲ್ಲುವುದಕ್ಕಿಂತ ಹೆಚ್ಚು ಪಡೆಯಬಾರದು ಎಂಬುದೊಂದು; ಕಾಯಕ ಮಾಡಿಸಿಕೊಳ್ಳುವವರು ಸಲ್ಲುವುದಕ್ಕಿಂತ ಕಡಿಮೆ ಕೊಡಬಾರದು ಎಂಬುದು ಇನ್ನೊಂದು. ಮೊದಲನೆಯದನ್ನು ನಾವು ಗ್ಯಾರೇಜಿನವರಿಗೆ ಬೋಧಿಸುತ್ತೇವೆ, ಎರಡನೆಯದನ್ನು ಮರೆಯುತ್ತೇವೆ.

ಆದ್ದರಿಂದ ಓದುಗ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೆ. ಮಳೆ ಹಿಡಿಯುವ ಮೊದಲು ಗಾಡಿಯ ಕ್ಯಾಪು, ವಯರು, ಫಿಲ್ಟರುಗಳನ್ನೊಮ್ಮೆ ನೋಡಿಸಿರಿ. ದೋಷ ಕಂಡಾಗ ಯಾವಾಗ, ಎಲ್ಲಿ, ಎಷ್ಟು ದೂರ ಓಡಿದ ಮೇಲೆ ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಗ್ಯಾರೇಜಿಗೆ ಹೋಗಿರಿ. ‘ಏನೋ ಆಗಿದೆ, ನೋಡಿ’ ಎಂದು ಕೀಲಿ ಎಸೆದು ಬರಬೇಡಿರಿ. ಮನೆಯ ಗಂಡುಮಕ್ಕಳಿಗೆ ಮಾತ್ರವಲ್ಲ, ಗಾಡಿ ಓಡಿಸುವ ಹೆಣ್ಣುಮಕ್ಕಳಿಗೂ ಪ್ಲಗ್ಗು ಬಿಚ್ಚಿ ಅದರ ಬಣ್ಣ ಓದುವುದನ್ನು ಕಲಿಸಿರಿ. ದೋಷ ಪತ್ತೆಯಾಗುವವರೆಗೆ ಘಾಟಿಯ ದಾರಿಗೆ, ರಾತ್ರಿಯ ಪ್ರಯಾಣಕ್ಕೆ ಆ ಗಾಡಿಯನ್ನು ನಂಬಬೇಡಿರಿ. ಮತ್ತು ಮೆಕ್ಯಾನಿಕರೊಬ್ಬರು ಏನನ್ನೂ ಬದಲಾಯಿಸದೆ ದೋಷವನ್ನು ಕಂಡುಹಿಡಿದುಕೊಟ್ಟರೆ, ಅವರ ಸಮಯಕ್ಕೆ ತಕ್ಕ ಸಂಭಾವನೆಯನ್ನು ಚೌಕಾಸಿ ಮಾಡದೆ ಕೊಟ್ಟು ಬನ್ನಿರಿ. ಆ ಹಣವೇ ಮುಂದಿನ ಬಾರಿ ನಿಮ್ಮ ಕಾರ್ಬುರೇಟರನ್ನು ಉಳಿಸುತ್ತದೆ.